ಉಪವಾಸದ ತಿಂಗಳಿನ ಪಿಪೆಟ್

ಸೆಮಾರಾಂಗ್ ಬಂದರಿನ ಹತ್ತಿರದ ಆ ಔಷಧಿ ಕಾರ್ಖಾನೆಯಲ್ಲಿ ಬು ಮುರ್ತಿನಿ ಹನ್ನೊಂದು ತಿಂಗಳು ಗಾಜು ತೊಳೆಯುತ್ತಿದ್ದರು, ಒಂದು ತಿಂಗಳು ಟೈಟ್ರೇಶನ್ ಮಾಡುತ್ತಿದ್ದರು. ಆ ಒಂದು ತಿಂಗಳು ರಂಜಾನ್.

ಕಾರಣ ಸರಳವಾದದ್ದು. ನಮ್ಮಲ್ಲಿ ತಯಾರಾಗುತ್ತಿದ್ದುದು ಹೊಟ್ಟೆಯುರಿಯ ಔಷಧಿ. ಪುದೀನದ ವಾಸನೆ, ಹಾಲಿನ ಬಿಳುಪು, ಗಂಜಿಯಷ್ಟು ಮಂದ. ಪ್ರತಿ ಕೊಪ್ಪರಿಗೆಯಿಂದ ಒಂದು ಶೀಷೆ ಪ್ರಯೋಗಾಲಯಕ್ಕೆ ಬರುತ್ತಿತ್ತು. ಅದರಿಂದ ಐದು ಮಿಲಿಲೀಟರನ್ನು ಪಿಪೆಟ್ ಎಂಬ ಗಾಜಿನ ಕೊಳವೆಯಲ್ಲಿ ಎತ್ತಿ, ಅಳೆದಿಟ್ಟ ಆಮ್ಲಕ್ಕೆ ಬಿಟ್ಟು, ಮೈಯ ಬಿಸಿಯಷ್ಟು ಶಾಖದಲ್ಲಿ ಕಲಕಬೇಕು. ಔಷಧಿ ತನ್ನ ಶಕ್ತಿ ಇದ್ದಷ್ಟು ಆಮ್ಲವನ್ನು ತಿಂದುಹಾಕುತ್ತದೆ. ಉಳಿದದ್ದೆಷ್ಟು ಎಂದು ತಿಳಿಯಲು ಬ್ಯೂರೆಟ್ ಎಂಬ ತಿರುಪಿನ ಅಳತೆಗೊಳವೆಯಿಂದ ಕಾಸ್ಟಿಕ್ ಸೋಡಾದ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಅದಕ್ಕೆ ಹಾಕಿದ ಬಣ್ಣದ ಸೂಚಕದ ಹಳದಿ ಹೋಗಿ ನೀಲಿ ಇಣುಕಿದ ಹನಿಗೆ ಕೈ ನಿಲ್ಲಿಸಬೇಕು. ಇದೇ ಟೈಟ್ರೇಶನ್. ಕಡಿಮೆ ಸೋಡಾ ಹಿಡಿದರೆ ಔಷಧಿಗೆ ಶಕ್ತಿ ಹೆಚ್ಚು, ಹೆಚ್ಚು ಹಿಡಿದರೆ ಶಕ್ತಿ ಕಡಿಮೆ. ಇಷ್ಟರಲ್ಲಿ ತೊಡಕಿನ ಕೆಲಸ ಮೊದಲನೆಯದೇ. ಆ ಕಾಲದಲ್ಲಿ ಪಿಪೆಟ್ಟಿಗೆ ದ್ರವ ಏರುತ್ತಿದ್ದುದು ಬಾಯಿಂದ ಹೀರಿದಾಗ. ಎಷ್ಟು ಎಚ್ಚರದಿಂದಿದ್ದರೂ ನಾಲಿಗೆಗೆ ಒಂದಿಷ್ಟು ಸುಣ್ಣದ ರುಚಿ ತಗಲುತ್ತಿತ್ತು. ಉಪವಾಸ ಹಿಡಿದವರು ಅದನ್ನು ಹೀರುವುದು ಹೇಗೆ?

ಪ್ರಯೋಗಾಲಯದಲ್ಲಿ ಉಪವಾಸವಿಲ್ಲದವರು ಮುರ್ತಿನಿ ಒಬ್ಬರೇ. ಅವರು ಮೆರಾಪಿ ಬೆಟ್ಟದ ಮಗ್ಗುಲಿನ ಚೆಪೊಗೊ ಊರಿನ ಕ್ಯಾಥೊಲಿಕ್ ಮನೆತನದವರು. ಶಾಲೆ ಆರನೆಯ ತರಗತಿಗೆ ನಿಂತಿತ್ತು. ಹದಿನಾರರ ವಯಸ್ಸಿಗೆ ಊರಿನ ಹಾಲಿನ ಸಹಕಾರ ಸಂಘಕ್ಕೆ ಸೇರಿದರು. ಬೆಳಗಿನ ಮಂಜಿನಲ್ಲಿ ರೈತರು ಕ್ಯಾನು ಹೊತ್ತು ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬರ ಹಾಲನ್ನೂ ಕೊಳವೆಯಲ್ಲಿ ಹೀರಿ ಬಟ್ಟಲಿಗೆ ಬಿಟ್ಟು, ಸೋಡಾ ಹನಿಸಿ, ತೆಳು ಗುಲಾಬಿ ಬಂದೊಡನೆ ಹುಳಿ ಎಷ್ಟೆಂದು ಕೂಗಿ ಹೇಳುವುದು ಮುರ್ತಿನಿಯ ಕೆಲಸ. ಹುಳಿ ಹೆಚ್ಚಾದರೆ ಕ್ಯಾನು ವಾಪಸು. ಮುಂದೆ ಅವರ ಗಂಡ ಸರ್ಜೊನೊಗೆ ಬಂದರಿನಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿದಾಗ ಇಬ್ಬರೂ ಸೆಮಾರಾಂಗಿಗೆ ಇಳಿದು ಬಂದರು. ಕಾರ್ಖಾನೆಯಲ್ಲಿ ಗಾಜು ತೊಳೆಯುವವರ ಜಾಗ ಖಾಲಿ ಇತ್ತು.

ಮೊದಲ ರಂಜಾನಿನಲ್ಲಿ ಪಿಪೆಟ್ಟನ್ನು ಅವರ ಕೈಗೆ ಕೊಟ್ಟವನು ಕುಸ್ವಾರಾ. ನಮ್ಮಲ್ಲಿ ಹಿರಿಯ ವಿಶ್ಲೇಷಕ. ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಅದುವರೆಗೆ ಆ ತಿಂಗಳ ಹೀರುವ ಕೆಲಸ ಮಾಡುತ್ತಿದ್ದ ಚೀನೀ ಹೆಂಗಸು ಆ ವರ್ಷ ಸುರಬಾಯಾಕ್ಕೆ ಹೊರಟುಹೋಗಿದ್ದರು.

"ಬು ಮುರ್, ಕೊಳವೇಲಿ ಹೀರೋದು ಗೊತ್ತಾ ನಿಮ್ಗೆ?"

"ಹಾಲಾದ್ರೆ ಹೀರಿದೀನಿ ಮಾಸ್."

"ಇದೂ ಹಾಲೇ ಅಂದ್ಕೊಳ್ಳಿ. ಕೊಟ್ಟಿದ್ದು ಹಸು ಅಲ್ಲ, ಪಾಕ್ ತರ್ಮುಜಿ. ಅಷ್ಟೇ ವ್ಯತ್ಯಾಸ."

ಪಾಕ್ ತರ್ಮುಜಿ ಎಂದರೆ ಕೊಪ್ಪರಿಗೆಗಳ ಮೇಲ್ವಿಚಾರಕರು, ಹಸುವಿಗಿಂತ ದಪ್ಪ ಮನುಷ್ಯ. ನಮ್ಮಲ್ಲಿ ಹಿರಿಯರಿಗೂ ಮೇಲಿನವರಿಗೂ ಗಂಡಸಾದರೆ ಪಾಕ್, ಹೆಂಗಸಾದರೆ ಬು, ಅಣ್ಣನಂಥವರಿಗೆ ಮಾಸ್ ಎನ್ನುವುದು ರೂಢಿ. ಮುರ್ತಿನಿ ನಗಲಿಲ್ಲ. ಕೈ ಒರೆಸಿಕೊಂಡು ಬಂದು ಹೀರಿ, ಗೆರೆಗೆ ಸರಿಯಾಗಿ ನಿಲ್ಲಿಸಿ ತೋರಿಸಿದರು. ಬ್ಯೂರೆಟ್ಟಿನ ಕೆಲಸವನ್ನೂ ಅವರೇ ಮುಗಿಸಿದರು. ಅಂದಿನಿಂದ ಪ್ರತಿ ರಂಜಾನಿನಲ್ಲಿ ಅದು ಅವರ ಕುರ್ಚಿಯಾಯಿತು.

ಆ ತಿಂಗಳಿಗೆ ಅವರು ಬಿಳಿ ಕೋಟನ್ನು ಗಂಜಿ ಹಾಕಿ ಇಸ್ತ್ರಿ ಮಾಡಿಸುತ್ತಿದ್ದರು. ಬಂದರಿನ ರಸ್ತೆಗೆ ಸಮುದ್ರದ ನೀರು ನುಗ್ಗುವ ದಿನಗಳಲ್ಲಿ ನಾವೆಲ್ಲ ಮೊಣಕಾಲು ನೆನೆಸಿಕೊಂಡು ಬರುತ್ತಿದ್ದೆವು. ಅವರು ಮಾತ್ರ ಕೋಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಉಪವಾಸದವರ ಮುಂದೆ ತಿನ್ನಬಾರದೆಂದು ಬಾಳೆಎಲೆಯ ಅನ್ನದ ಪೊಟ್ಟಣವನ್ನು ಗಾಜು ಒಣಗಿಸುವ ಬೀರುವಿನ ಹಿಂದೆ ನಿಂತೇ ಮುಗಿಸುತ್ತಿದ್ದರು. ಕಿರಿಯ ವಿಶ್ಲೇಷಕಿ ನಫೀಸಾಳಿಗೆ ಮುಟ್ಟಿನ ದಿನಗಳಲ್ಲಿ ಉಪವಾಸವಿರುತ್ತಿರಲಿಲ್ಲ. ಆಗ ಬೀರುವಿನ ಹಿಂದೆ ಇಬ್ಬರು. ಆ ದಿನಗಳಲ್ಲಿ ಅವಳು ಬೇಕಾದರೆ ಹೀರಬಹುದಿತ್ತು. ಆದರೆ ಹೀರಿದರೆ ಕಾರಣ ಎಲ್ಲರಿಗೂ ಗೊತ್ತಾಗುತ್ತಿತ್ತು. ಮುರ್ತಿನಿ ಅವಳನ್ನು ಮಗಳನ್ನು ಕರೆದಂತೆ ನ್ದುಕ್ ಎಂದು ಕರೆಯುತ್ತಿದ್ದರು. ಅವಳಿಗೆ ಹೊಟ್ಟೆಯುರಿ ಇತ್ತು. ಬೆಳಗಿನ ಜಾವ ಊಟ ಮಾಡಿ ಉಪವಾಸ ಹಿಡಿಯುವ ಮುಂಚೆ ನಮ್ಮದೇ ಕಾರ್ಖಾನೆಯ ಔಷಧಿಯನ್ನು ಎರಡು ಚಮಚ ಕುಡಿಯುತ್ತಿದ್ದಳು. ನಮ್ಮ ಮಾಲು ಅತಿ ಹೆಚ್ಚು ಮಾರಾಟವಾಗುತ್ತಿದ್ದುದೂ ಆ ತಿಂಗಳಲ್ಲೇ.

"ನಮ್ ಬಾಯಿಗೆ ಬೀಗ, ನಿಮ್ ಬಾಯಿಗೆ ಬಡ್ತಿ" ಎಂದು ಕುಸ್ವಾರಾ ಪ್ರತಿ ವರ್ಷ ಅನ್ನುತ್ತಿದ್ದ.

"ತಿಂಗಳು ಮುಗಿದ್ಮೇಲೆ ಬೀಗ ನಿಮ್ದು ತೆಗೀತಾರೆ, ಬಡ್ತಿ ನಂದು ಕಿತ್ಕೋತಾರೆ" ಎಂದು ಅವರು ಪ್ರತಿ ವರ್ಷ ಉತ್ತರ ಕೊಡುತ್ತಿದ್ದರು. ತಮಾಷೆಯ ಮಾತೇ. ಆದರೆ ಹಬ್ಬದ ರಜೆ ಮುಗಿದು ಬಂದ ಮೊದಲ ದಿನ ಅವರು ಕೋಟನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುವಾಗ ಯಾರೂ ಆ ತಮಾಷೆಯನ್ನು ಎತ್ತುತ್ತಿರಲಿಲ್ಲ.

ಇನ್ನೊಂದು ತಮಾಷೆ ತರ್ಮುಜಿಯವರದು. ಉಪವಾಸದ ತಿಂಗಳ ಮೊದಲ ಕೊಪ್ಪರಿಗೆಗಳ ಫಲಿತಾಂಶ ಯಾವಾಗಲೂ ಒಂದಿಷ್ಟು ಮೇಲೆಯೇ ಬರುತ್ತಿತ್ತು. ಮಿತಿಯೊಳಗೇ ಇರುತ್ತಿತ್ತು, ಆದರೆ ಮೇಲೆ. "ಈ ತಿಂಗಳು ಔಷಧಿಗೂ ಪುಣ್ಯ ಬರುತ್ತೆ" ಎಂದು ಅವರು ಹೊಟ್ಟೆ ಕುಣಿಸಿ ನಗುತ್ತಿದ್ದರು. ಔಷಧಿ ಮಿತಿಯೊಳಗಿದ್ದುದರಿಂದ ಇದು ತಮಾಷೆಯಾಗಿಯೇ ಉಳಿಯಿತು.

ಆಮೇಲೆ ಪಾಕ್ ಹರ್ಜಿತೊ ಬಂದರು. ಯೋಗ್ಯಕರ್ತದಲ್ಲಿ ಓದಿದ ಔಷಧ ಶಾಸ್ತ್ರಜ್ಞ, ಪ್ರಯೋಗಾಲಯದ ಹೊಸ ಮುಖ್ಯಸ್ಥ. ವಯಸ್ಸು ಮೂವತ್ತೂ ಇರಲಿಲ್ಲ. ಬಂದ ವಾರವೇ ಬಾಯಿಂದ ಹೀರುವುದನ್ನು ಕಂಡು ಮುಖ ಕಿವುಚಿ, ಜಕಾರ್ತಾದಿಂದ ಕೆಂಪು ರಬ್ಬರಿನ ಬುರುಡೆಯೊಂದನ್ನು ತರಿಸಿದರು. ಅದನ್ನು ಒತ್ತಿ ಬಿಟ್ಟರೆ ಪಿಪೆಟ್ಟಿಗೆ ದ್ರವ ತಾನೇ ಏರುತ್ತದೆ. ಆ ದಿನ ಮುರ್ತಿನಿ ತೊಟ್ಟಿಯ ಹತ್ತಿರ ನಿಂತು ಬುರುಡೆಯನ್ನು ಬಹಳ ಹೊತ್ತು ನೋಡಿದರು. ಹತ್ತು ದಿನ ಕಳೆಯುವುದರೊಳಗೆ ಮಂದ ಔಷಧಿ ಅದರ ಕವಾಟಕ್ಕೆ ಏರಿ ಗಟ್ಟಿಯಾಯಿತು. ಕುಸ್ವಾರಾ ಅದನ್ನು ಬಿಸಿನೀರಿನಲ್ಲಿ ಕುದಿಸಿದ, ಅದು ಸೀಳಿಹೋಯಿತು. ಬುರುಡೆ ಡ್ರಾಯರು ಸೇರಿತು. ಮುರ್ತಿನಿಯ ತಿಂಗಳು ಉಳಿಯಿತು.

ಆದರೆ ಹರ್ಜಿತೊ ಚಿತ್ರ ಬರೆಯುವ ಮನುಷ್ಯ. ಹಿಂದಿನ ಕೆಲವು ವರ್ಷಗಳ ಫಲಿತಾಂಶಗಳನ್ನೆಲ್ಲ ಚೌಕುಳಿ ಕಾಗದದ ಮೇಲೆ ಚುಕ್ಕೆಯಾಗಿ ಇಟ್ಟು, ಗೆರೆ ಎಳೆದು ಗೋಡೆಗೆ ಅಂಟಿಸಿದರು. ರಂಜಾನಿನ ಎರಡನೆಯ ವಾರ ನಡೆಯುತ್ತಿತ್ತು. ನಾವೆಲ್ಲ ಸುತ್ತ ನಿಂತೆವು. ಗೆರೆ ಸಮವಾಗಿ ಹೋಗುತ್ತಿದ್ದು, ವರ್ಷಕ್ಕೊಮ್ಮೆ ಒಂದು ಗುಡ್ಡ ಏರಿ, ಮೆಲ್ಲಗೆ ಇಳಿದು, ಹಿಂದೆಯೇ ಒಂದು ಹಳ್ಳಕ್ಕೆ ಬೀಳುತ್ತಿತ್ತು. ಆಮೇಲೆ ಮತ್ತೆ ಸಮ.

"ಮಳೆಗಾಲ ಇರ್ಬೇಕು" ಎಂದರು ಹರ್ಜಿತೊ. "ಔಷಧಿಗೆ ಹಾಕೋ ಪುಡಿ ತೇವ ಎಳ್ಕೊಳ್ಳುತ್ತೆ."

"ಮಳೆಗಾಲ ಆದ್ರೆ ಪ್ರತಿ ವರ್ಷ ಒಂದೇ ಕಡೆ ಬರ್ಬೇಕಲ್ಲ ಪಾಕ್" ಎಂದ ಕುಸ್ವಾರಾ. "ಇದು ವರ್ಷ ವರ್ಷ ಹಿಂದೆ ಹಿಂದೆ ಬರ್ತಿದೆ."

ನಫೀಸಾ ಕತ್ತು ವಾಲಿಸಿ ನೋಡುತ್ತಿದ್ದಳು. "ನಮ್ ಹಬ್ಬದ ಥರ" ಎಂದಳು. "ಹಬ್ಬಾನೂ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ."

ಅಂದವಳೇ ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಹರ್ಜಿತೊ ಗುಡ್ಡಗಳ ದಿನಾಂಕಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಸರಿಸಿದರು. ಉಪವಾಸದ ತಿಂಗಳಲ್ಲಿ ಈ ಕೋಣೆಯಲ್ಲಿ ಬದಲಾಗುವುದು ಒಂದೇ ಒಂದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ಗಂಜಿ ಹಾಕಿದ ಕೋಟು ತೊಟ್ಟು ಬ್ಯೂರೆಟ್ಟಿನ ಮುಂದೆ ಕೂತಿತ್ತು.

ಹಳ್ಳದ ವಿಷಯಕ್ಕೆ ತರ್ಮುಜಿಯವರನ್ನು ಕರೆಸಿದರು. ಅವರು ಬಾಗಿಲಲ್ಲೇ ನಿಂತು, ಇದರಲ್ಲಿ ಗುಟ್ಟೇನಿದೆ ಎಂಬಂತೆ ಹೇಳಿದರು. "ಲ್ಯಾಬಿನವ್ರು ಜಾಸ್ತಿ ಬಂತು ಅಂತಾರೆ, ನಾನು ಪುಡಿ ಒಂಚೂರು ಕಮ್ಮಿ ಮಾಡ್ತೀನಿ. ಹಬ್ಬ ಮುಗಿದ್ಮೇಲೆ ಕಮ್ಮಿ ಬಂತು ಅಂತಾರೆ, ಮತ್ತೆ ಹಾಕ್ತೀನಿ. ನೀವು ಹೇಳ್ದಂಗೆ ಕುಣಿಯೋನು ನಾನು. ತಾಳ ತಪ್ಪಿದ್ರೆ ನನ್ನ ಕೇಳ್ಬೇಡಿ."

"ಅಂದ್ರೆ ಉಪವಾಸದ ತಿಂಗಳಲ್ಲಿ ಜನ ಕುಡಿಯೋದು ಕಮ್ಮಿ ಪುಡೀದು?"

"ನಿಮ್ ಲೆಕ್ಕದಲ್ಲಿ ಅದು ಸರಿಯಾಗೇ ಇತ್ತಲ್ಲ ಪಾಕ್."

ಆಗ ಹರ್ಜಿತೊ ನೂರಕ್ಕೆ ಎರಡೋ ಮೂರೋ ಅಂಶದ ವ್ಯತ್ಯಾಸ, ಹೊಟ್ಟೆಗೆ ಅದು ತಿಳಿಯುವುದೂ ಇಲ್ಲ ಎಂದು ಸಮಾಧಾನ ಹೇಳಿದರು. ಅದು ನಿಜ. ಆದರೆ ಮುರ್ತಿನಿ ಅವರ ಕಡೆ ನೋಡುತ್ತಿರಲಿಲ್ಲ, ನಫೀಸಾಳ ಕಡೆ ನೋಡುತ್ತಿದ್ದರು. ಈ ವರ್ಷ ಬೆಳಗಿನ ಎರಡು ಚಮಚ ಸಾಲುತ್ತಿಲ್ಲ, ಮಧ್ಯಾಹ್ನದ ಹೊತ್ತಿಗೆ ಎದೆ ಸುಡುತ್ತದೆ ಎಂದು ಅವಳು ಎರಡು ದಿನದ ಹಿಂದಷ್ಟೇ ಅವರ ಹತ್ತಿರ ಹೇಳಿದ್ದಳು.

ಹರ್ಜಿತೊ ಕೂಗಾಡಲಿಲ್ಲ. ಒಂದೇ ಶೀಷೆಯಿಂದ ಕುಸ್ವಾರಾ, ನಫೀಸಾ, ಮುರ್ತಿನಿ ಮೂವರೂ ಹೀರಿ, ಮೂವರೂ ಟೈಟ್ರೇಶನ್ ಮಾಡಿ ನೋಡೋಣ ಎಂದರು. ಹಗಲಲ್ಲಿ ಇಬ್ಬರ ಬಾಯಿಗೆ ಬೀಗವಾದ್ದರಿಂದ ಮರುದಿನ ಸಂಜೆ, ಉಪವಾಸ ಬಿಟ್ಟ ಮೇಲೆ ಎಂದಾಯಿತು. ಬು ಮುರ್ತಿನಿಯದು ಬೇರೆ ಬಂದರೆ ಅವರನ್ನು ಕುರ್ಚಿಯಿಂದ ಎಬ್ಬಿಸಲೇಬೇಕಾಗುತ್ತದೆ ಎಂದೂ ಹೇಳಿದರು. ಅವರೆದುರಿಗೇ ಹೇಳಿದರು. ಮುರ್ತಿನಿ ತಲೆಯಾಡಿಸಿದರು.

ಮರುದಿನ ಮಧ್ಯಾಹ್ನ ಬೀರುವಿನ ಹಿಂದೆ ಮುರ್ತಿನಿ ಊಟದ ಪೊಟ್ಟಣ ಬಿಚ್ಚಿದ್ದರು. ನಫೀಸಾ ಉಪವಾಸದಲ್ಲಿದ್ದರೂ ಅಲ್ಲಿಗೆ ಬಂದಳು.

"ಬು, ನಾನು ಹೇಳ್ಬಾರ್ದಿತ್ತು. ಬಾಯಿಗೆ ಬಂದ್ಬಿಡ್ತು."

"ಗೋಡೆ ಮೇಲೆ ಇದ್ದಿದ್ದು ತಾನೇ ನೀನು ಹೇಳಿದ್ದು."

"ಬು, ನೀವು ಕೊನೇಲಿ ಊದ್ತೀರಿ."

"ಏನು?"

"ಪಿಪೆಟ್ ಖಾಲಿ ಆದ್ಮೇಲೆ ತುದೀಲಿ ಒಂದು ಹನಿ ನಿಲ್ಲುತ್ತಲ್ಲ. ನಾವು ಹಂಗೇ ಬಿಡ್ತೀವಿ, ತುದೀನ ಗಾಜಿಗೆ ತಗುಲಿಸಿ ಎತ್ತಿಬಿಡ್ತೀವಿ. ನೀವು ಫೂ ಅಂತ ಊದ್ತೀರಿ. ನಾನು ಮೊದಲಿಂದ ನೋಡಿದೀನಿ. ಅದ್ರಿಂದ ಇಷ್ಟೆಲ್ಲಾ ಆಗುತ್ತೆ ಅಂತ ಹೊಳ್ದಿರ್ಲಿಲ್ಲ."

ಮುರ್ತಿನಿ ಪೊಟ್ಟಣದಲ್ಲಿದ್ದ ಟೆಂಪೆ ಎಂಬ ಹುದುಗಿಸಿದ ಸೋಯಾದ ಚೂರನ್ನು ಕೈಯಲ್ಲೇ ಹಿಡಿದು ನಿಂತರು. ಹಾಲಿನ ಸಂಘದ ಪಿಪೆಟ್ಟುಗಳು ಊದುವ ಪಿಪೆಟ್ಟುಗಳು. ಹಾಲು ಗಾಜಿಗೆ ಅಂಟುವುದರಿಂದ ಕೊನೆಯ ಹನಿಯನ್ನೂ ಸೇರಿಸಿಯೇ ಅವುಗಳ ಗೆರೆ ಎಳೆದಿರುತ್ತಿತ್ತು. ಅಲ್ಲಿ ಊದದಿದ್ದರೆ ಮೇಲ್ವಿಚಾರಕ ಬೈಯುತ್ತಿದ್ದ. ಔಷಧಿಯ ಪ್ರಯೋಗಾಲಯದವು ಊದದೆ ಬಿಡುವ ಪಿಪೆಟ್ಟುಗಳು. ನೋಡಲು ಎರಡೂ ಒಂದೇ ಥರ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗಾಜು ತೊಳೆಯುವವರಿಗೆ ಹೇಳುವ ಸಂಗತಿಯಲ್ಲ, ಕುರ್ಚಿಯಲ್ಲಿ ಕೂರಿಸಿದ ದಿನವೂ ಯಾರಿಗೂ ನೆನಪಾಗಲಿಲ್ಲ.

"ಸಾಯಂಕಾಲ ಊದಬೇಡಿ" ಎಂದಳು ನಫೀಸಾ ಪಿಸುದನಿಯಲ್ಲಿ. "ಇವತ್ತೂ ಊದಬೇಡಿ, ಇನ್ ಮುಂದೇನೂ ಊದಬೇಡಿ. ಎಲ್ಲಾ ಸರಿ ಹೋಗುತ್ತೆ. ಗುಡ್ಡ ಯಾಕೆ ಬಂತು ಅಂತ ಅವ್ರು ಇನ್ನೊಂದು ವರ್ಷ ತಲೆ ಕೆಡಿಸ್ಕೊಳ್ಲಿ."

"ಪಾಕ್ ತರ್ಮುಜಿ?"

"ಅವ್ರೇನು?"

"ಈಗಾಗ್ಲೇ ಪುಡಿ ಕಮ್ಮಿ ಮಾಡಿರೋದು. ಯಾಕೆ ಅಂತ ಗೊತ್ತಾಗ್ದೆ ಅದನ್ನ ಹೇಗೆ ಸರಿ ಮಾಡ್ತಾರೆ?"

ಮುರ್ತಿನಿ ಪೊಟ್ಟಣವನ್ನು ಅರ್ಧಕ್ಕೇ ಮಡಿಸಿ ಇಟ್ಟರು.

ಸಂಜೆ ಪ್ರಾರ್ಥನೆಯ ಕರೆ ಕೇಳಿದೊಡನೆ ನಾವು ಖರ್ಜೂರ ತಿಂದು, ಪ್ರಾರ್ಥನೆ ಮುಗಿಸಿ, ಬಾಳೆಹಣ್ಣಿನ ಕೋಲಕ್ ಪಾಯಸ ಕುಡಿದೆವು. ಕೋಲಕ್ ತಂದವರು ಮುರ್ತಿನಿಯೇ. ಪ್ರತಿ ವರ್ಷ ಒಂದು ದಿನ ಅವರು ತರುತ್ತಿದ್ದರು, ಈ ವರ್ಷ ಇದೇ ದಿನಕ್ಕೆ ತಂದಿದ್ದರು. "ಪರೀಕ್ಷೆಗೆ ಮುಂಚೆ ಪರೀಕ್ಷಕರಿಗೆ ಲಂಚ" ಎಂದ ಕುಸ್ವಾರಾ. ಹರ್ಜಿತೊ ಎರಡನೆಯ ಲೋಟಕ್ಕೆ ಕೈ ಚಾಚಿದ್ದವರು ಹಿಂತೆಗೆದುಕೊಂಡರು. ಎಲ್ಲರೂ ನಕ್ಕರು, ಅವರೂ ನಕ್ಕು ಲೋಟ ತೆಗೆದುಕೊಂಡರು.

ಮೊದಲು ಕುಸ್ವಾರಾ ಹೀರಿದ. ಆಮೇಲೆ ನಫೀಸಾ. ಇಬ್ಬರ ಅಂಕಿಗಳೂ ಕೂದಲೆಳೆಯ ಅಂತರದಲ್ಲಿ ಬಂದವು. ಹರ್ಜಿತೊ ಬರೆದುಕೊಂಡರು.

ಮುರ್ತಿನಿ ಶೀಷೆಯನ್ನು ಕುಲುಕಿ, ಹೀರಿ, ಗೆರೆಗೆ ನಿಲ್ಲಿಸಿ, ಆಮ್ಲದ ಪಾತ್ರೆಗೆ ಬಿಟ್ಟರು. ಬಿಳಿಯ ಎಳೆ ಸಣ್ಣಗಾಗಿ ನಿಂತಿತು. ತುದಿಯಲ್ಲಿ ಹನಿ ಉಳಿಯಿತು. ಅವರು ತುದಿಯನ್ನು ಗಾಜಿಗೆ ತಗುಲಿಸಿ ಎತ್ತಿಬಿಟ್ಟರು. ಬಿಸಿ ಮಾಡಿ, ಕಲಕಿ, ಸೋಡಾ ಹನಿಸಿದರು. ಹಳದಿ ಹೋಗಿ ನೀಲಿ ಬಂದಾಗ ನಿಲ್ಲಿಸಿದರು. ಅಂಕಿ ಉಳಿದಿಬ್ಬರ ಜೊತೆಗೆ ಸೇರಿಕೊಂಡಿತು.

ನಫೀಸಾ ಉಸಿರು ಬಿಟ್ಟಳು. ಹರ್ಜಿತೊ ಪೆನ್ನು ಮುಚ್ಚಿದರು. "ಸರಿ ಹಾಗಾದ್ರೆ. ಕಾರಣ ಬೇರೆ ಎಲ್ಲೋ ಇದೆ. ಬು, ನೀವು ನಾಳೆ ಕೂತ್ಕೋಬಹುದು."

"ಇನ್ನೊಂದ್ ಸಲ ಮಾಡ್ತೀನಿ ಪಾಕ್" ಎಂದರು ಮುರ್ತಿನಿ.

"ಬೇಡ ಬು, ಸಾಕು" ಎಂದಳು ನಫೀಸಾ ಬೇಗನೆ.

ಅವರು ಆಗಲೇ ಹೀರಿದ್ದರು. ಗೆರೆಗೆ ನಿಲ್ಲಿಸಿ, ಬಿಟ್ಟು, ತುದಿಯಲ್ಲಿ ಹನಿ ನಿಂತಾಗ ಫೂ ಎಂದು ಊದಿದರು. ಹನಿಯೂ, ಕೊಳವೆಯ ಒಳಮೈಗೆ ಅಂಟಿದ್ದೂ, ಒರೆಸದೆ ಬಿಟ್ಟಿದ್ದ ಹೊರಮೈಯಿಂದ ಇಳಿದು ಬಂದದ್ದೂ ಒಟ್ಟಾಗಿ ಪಾತ್ರೆಗೆ ಬಿದ್ದವು. ಬಿಸಿ ಮಾಡುವಷ್ಟು ಹೊತ್ತು ಎಲ್ಲರೂ ಕಾದೆವು. ನೀಲಿ ಬೇಗನೇ ಬಂತು. ಅಂಕಿ ಹಿಂದಿನ ಮೂರಕ್ಕಿಂತ, ಗೋಡೆಯ ಮೇಲಿನ ಗುಡ್ಡ ಎಷ್ಟು ಎತ್ತರವೋ ಅಷ್ಟೇ ಮೇಲೆ ಹೋಗಿ ಕೂತಿತು.

"ನಾನು ಯಾವಾಗ್ಲೂ ಮಾಡೋದು ಹೀಗೆ" ಎಂದರು ಮುರ್ತಿನಿ. "ಮೊದಲ್ನೇದು ಇವತ್ತು ಕಲಿತಿದ್ದು."

ಕುಸ್ವಾರಾ ಬಗ್ಗಿ ಅಂಕಿಯನ್ನು ನೋಡಿದ. "ಹಾಲು ಅಂದ್ಕೊಳ್ಳಿ ಅಂತ ಹೇಳಿದ್ದು ನಾನೇ" ಎಂದ.

"ನೀವು ಹೇಳೋಕೆ ಮುಂಚೇನೇ ನಾನು ಅಂದ್ಕೊಂಡಿದ್ದೆ ಮಾಸ್."

ಆ ರಾತ್ರಿಯೇ ಹರ್ಜಿತೊ ತರ್ಮುಜಿಯವರಿಗೆ ಹೇಳಿಕಳಿಸಿದರು. ಮುಂದಿನ ಕೊಪ್ಪರಿಗೆಯಿಂದ ಪುಡಿ ಮೊದಲಿನ ಅಳತೆಗೆ ಹೋಯಿತು. ಹರ್ಜಿತೊ ಒಂದು ವಾರ ಕೂತು, ಮಂದವಾದ ಔಷಧಿಯನ್ನು ಕೊಳವೆಯಲ್ಲಿ ಅಳೆಯುವುದೇ ತಪ್ಪು, ತೂಗಿ ತೆಗೆದುಕೊಳ್ಳಬೇಕು ಎಂದು ಕ್ರಮವನ್ನೇ ಬದಲಿಸಿದರು. ತೂಗಿ ನೋಡಿದಾಗ ನಿಜ ಎರಡರ ನಡುವೆ ಸಿಕ್ಕಿತು. ಮುರ್ತಿನಿಯ ಅಂಕಿ ಹೆಚ್ಚು ಹೇಳುತ್ತಿತ್ತು. ಕೊಳವೆಯ ಒಳಮೈಗೆ ಅಂಟಿದ್ದನ್ನು ಬಿಟ್ಟುಬರುತ್ತಿದ್ದ ನಮ್ಮ ಅಂಕಿ ಹನ್ನೊಂದು ತಿಂಗಳೂ ಕಡಿಮೆ ಹೇಳುತ್ತಿತ್ತು. ಪುಡಿಯ ಅಳತೆ ಮತ್ತೊಮ್ಮೆ ತಿದ್ದಲ್ಪಟ್ಟಿತು. ಔಷಧಿಯ ಪುಣ್ಯ ಹೋಯಿತು ಎಂದರು ತರ್ಮುಜಿ.

ತೂಗುವುದಕ್ಕೆ ಬಾಯಿ ಬೇಡ. ಉಪವಾಸದವರೂ ತೂಗಬಹುದು. ಆ ವರ್ಷ ತಿಂಗಳು ಮುಗಿಯುವ ಮುಂಚೆಯೇ ಮುರ್ತಿನಿ ಕೋಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಮರುವರ್ಷದ ರಂಜಾನಿನಲ್ಲಿ ಅವರು ತೊಟ್ಟಿಯ ಹತ್ತಿರವೇ ಇದ್ದರು. ಇಡೀ ತಿಂಗಳು ಗಾಜು ತೊಳೆದರು. ಕೋಲಕ್ ತಂದರು. ಅವರನ್ನು ಸಹಾಯಕ ವಿಶ್ಲೇಷಕಿಯನ್ನಾಗಿ ಮಾಡಬೇಕೆಂದು ಹರ್ಜಿತೊ ಜಕಾರ್ತಾಕ್ಕೆ ಕೇಳಿದರು. ಶಾಲೆಯ ಪ್ರಮಾಣಪತ್ರ ಇಲ್ಲದವರಿಗೆ ಆಗದು ಎಂಬ ಉತ್ತರ ಬಂತು. ನಫೀಸಾ ಈ ಸುದ್ದಿಯನ್ನು ಬೀರುವಿನ ಹಿಂದೆ ಹೇಳಿ ಅತ್ತಳು. "ಅಳಬೇಡ ನ್ದುಕ್, ಹೊಟ್ಟೆ ಉರಿಯುತ್ತೆ" ಎಂದರು ಮುರ್ತಿನಿ.

ಅದರ ಮುಂದಿನ ವರ್ಷ ಉಪವಾಸ ಕಡು ಬೇಸಿಗೆಯಂಥ ಸೆಖೆಗೆ ಬಂತು. ಮಧ್ಯಾಹ್ನದ ಮೇಲೆ ನಮ್ಮ ತಲೆ ಧಿಮ್ಮೆನ್ನುತ್ತಿತ್ತು. ಕುಸ್ವಾರಾ ಒಂದೇ ಮಧ್ಯಾಹ್ನ ಎರಡು ಸಲ ನೀಲಿಯನ್ನು ದಾಟಿಸಿಬಿಟ್ಟ. ಮೂರನೆಯದಕ್ಕೆ ಬ್ಯೂರೆಟ್ಟಿನ ತಿರುಪನ್ನು ಬಿಟ್ಟು ಎದ್ದ.

"ಪಾಕ್, ನಂಗೆ ಈಗ ಹಳದೀನೂ ಒಂದೇ ನೀಲೀನೂ ಒಂದೇ. ಎಲ್ಲಾ ಕೋಲಕ್ ಥರಾನೇ ಕಾಣ್ತಿದೆ."

ಹರ್ಜಿತೊ ಗಡಿಯಾರ ನೋಡಿದರು, ಸಾಲಾಗಿ ಕಾದಿದ್ದ ಶೀಷೆಗಳನ್ನು ನೋಡಿದರು. ಆಮೇಲೆ ತೊಟ್ಟಿಯ ಕಡೆ ತಿರುಗಿದರು.

"ಬು ಮುರ್, ನಿಮ್ ಊಟ ಆಯ್ತಾ?"

"ಆಯ್ತು ಪಾಕ್."

"ಹಾಗಾದ್ರೆ ಬನ್ನಿ. ಮಧ್ಯಾಹ್ನದ ಮೇಲಿನ ಟೈಟ್ರೇಶನ್ ಎಲ್ಲಾ ಇನ್ನು ನಿಮ್ದು."

"ಕೋಟು ತಂದಿಲ್ಲ."

"ನನ್ನದು ಹಾಕ್ಕೊಳ್ಳಿ."

ಆ ಕೋಟು ಅವರಿಗೆ ಮೊಣಕಾಲಿನವರೆಗೆ ಬಂತು. ತೋಳನ್ನು ಎರಡು ಮಡಿಕೆ ಮಡಿಸಿ ಕೂತರು. ನಫೀಸಾ ಔಷಧಿಯನ್ನು ತೂಗಿ ತಂದಿಟ್ಟಳು. ಸೋಡಾ ಹನಿಯತೊಡಗಿತು. ಹಳದಿಯ ನಡುವೆ ನೀಲಿ ಹುಟ್ಟಿ ಕರಗಿತು, ಮತ್ತೆ ಹುಟ್ಟಿ ಕರಗಿತು. ಮುರ್ತಿನಿ ತಿರುಪನ್ನು ಬಿಗಿ ಮಾಡಿದರು. ಬ್ಯೂರೆಟ್ಟಿನ ತುದಿಯಲ್ಲಿ ಅರ್ಧ ಹನಿ ತೂಗಾಡುತ್ತಿತ್ತು. ಅವರ ತುಟಿಗಳು ತಾವಾಗಿಯೇ ಮುಂದೆ ಬಂದು ಗುಂಡಗಾದವು.

"ಊದಬೇಡಿ ಬು" ಎಂದಳು ನಫೀಸಾ.

ಅವರು ತುಟಿ ಒಳಗೆಳೆದುಕೊಂಡು, ಆ ಅರ್ಧ ಹನಿಯನ್ನು ಪಾತ್ರೆಯ ಅಂಚಿಗೆ ತಗುಲಿಸಿದರು. ನೀಲಿ ನಿಂತಿತು.